ಪೈಲ್ವಾನನ ಬಾಟಲಿ

ಮಾರ್ಚ್ 3, ಸೋಮವಾರ

ತಂಗಿಗೆ ಬೆಳಿಗ್ಗೆ ಹೆರಿಗೆಯಾಯಿತು. ಮೇ ಕೊನೆಯಲ್ಲಿ ಆಗಬೇಕಾಗಿದ್ದದ್ದು. ಅವಳಿ ಮಕ್ಕಳು, ಮೊದಲು ಹುಡುಗಿ, ಅವಳ ಬೆನ್ನಿಗೇ ಹುಡುಗ. ಇಬ್ಬರನ್ನೂ ಒಟ್ಟಿಗೆ ತೂಗಿದರೂ ಒಂದು ಸರಿಯಾದ ಮಗುವಿನ ತೂಕ ಬರುವುದಿಲ್ಲ.

ಹೆರಿಗೆ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಆಯಿತು. ಇಷ್ಟು ಎಳೆಯ ಮಕ್ಕಳನ್ನು ಇಟ್ಟುಕೊಳ್ಳುವ ವಾರ್ಡು ಇಡೀ ಊರಿಗೆ ಇದೊಂದೇ. ತಂಗಿಯ ಗಂಡ ಲಿಫ್ಟ್ ರಿಪೇರಿಯವನು. ಕೈಯ ಗ್ರೀಸ್ ಕೂಡ ಒರೆಸಿಕೊಳ್ಳದೆ ಓಡಿಬಂದಿದ್ದ. ವಾರ್ಡಿನ ಹಿರಿಯ ನರ್ಸನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುವುದು. ಅವರು ಬಾಗಿಲಲ್ಲೇ ಅವನನ್ನು ತಡೆದರು.

"ಮೊದಲು ಮೊಣಕೈವರೆಗೂ ಕೈ ತೊಳ್ಕೊಂಡು ಬಾ. ಆಮೇಲೆ ಅಪ್ಪ ಆಗು."

ಗಾಜಿನ ಪೆಟ್ಟಿಗೆಗಳ ಮುಂದೆ ನಿಂತಾಗಲೂ ಅವನು ತೊಳೆದ ಕೈಗಳನ್ನು ಎತ್ತಿಯೇ ಹಿಡಿದಿದ್ದ. ದೊಡ್ಡಮ್ಮನೇ ಪರಿಚಯ ಮಾಡಿಸಿದರು. "ಇವಳು ರಾಣಿ. ಆಗಲೇ ಕಾಲು ಝಾಡಿಸಿ ನನಗೇ ಜೋರು ಮಾಡ್ತಾಳೆ. ಇವನು ಪೈಲ್ವಾನ. ತೊಡೆ ನೋಡು, ನನ್ನ ಹೆಬ್ಬೆರಳಿನಷ್ಟಿದೆ. ಪೈಲ್ವಾನ ಅಂತ ಕರೀತಾ ಇದ್ರೆ ನಾಚಿಕೆಗಾದ್ರೂ ಬೆಳೀತಾನೆ."

ಅವನು ನಕ್ಕ. ನಗುತ್ತಲೇ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ತಂಗಿಗೆ ಎಚ್ಚರವಾದಾಗ ನಾನು ಪಕ್ಕದಲ್ಲಿದ್ದೆ. ಅಮ್ಮ ಹೋದಾಗ ಅವಳು ಇನ್ನೂ ಲಂಗ ತೊಡುವ ಹುಡುಗಿ. ಅಂದಿನಿಂದ ಅವಳಿಗೆ ಜ್ವರ ಬಿಟ್ಟಾಗಲೆಲ್ಲ ಮೊದಲು ಕಾಣುವುದು ನನ್ನ ಮುಖವೇ. "ಇಬ್ಬರೂ ಇದ್ದಾರಾ?" ಎಂದಳು. ಇದ್ದಾರೆ ಎಂದೆ. "ನೀನಿದ್ದೀಯಲ್ಲ, ಸರಿ" ಎಂದು ಮತ್ತೆ ಕಣ್ಣು ಮುಚ್ಚಿದಳು.

ಮಾರ್ಚ್ 5, ಬುಧವಾರ

ದೊಡ್ಡ ಡಾಕ್ಟರು ಇವತ್ತು ತಂಗಿಯನ್ನೂ ಅವಳ ಗಂಡನನ್ನೂ ಕೂರಿಸಿಕೊಂಡು ಪ್ರಯೋಗದ ವಿಷಯ ಹೇಳಿದರು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಕೆಲವಕ್ಕೆ ಕರುಳು ಕೊಳೆಯುವ ರೋಗ ಬರುತ್ತದೆ. ಒಳ್ಳೆಯ ಜೀವಾಣುಗಳನ್ನು ಹಾಲಿನ ಜೊತೆ ಹೊಟ್ಟೆಗೆ ಬಿಟ್ಟರೆ ಅದನ್ನು ತಡೆಯಬಹುದೇ ಎಂಬುದು ಅವರ ಪ್ರಶ್ನೆ. ಅರ್ಧ ಮಕ್ಕಳಿಗೆ ಜೀವಾಣು ಇರುವ ಪುಡಿ ಕೊಡುತ್ತೇವೆ, ಉಳಿದರ್ಧಕ್ಕೆ ಅದೇ ಬಣ್ಣದ ಬರೀ ಪುಡಿ. ಯಾರಿಗೆ ಯಾವುದು ಎಂದು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತದೆ. ಅವಳಿಗಳಾದರೂ ಬೇರೆ ಬೇರೆ ಚೀಟಿ. ಡಾಕ್ಟರಿಗೂ ತಿಳಿಯುವುದಿಲ್ಲ, ನರ್ಸುಗಳಿಗೂ ತಿಳಿಯುವುದಿಲ್ಲ. ಕೆಳಗಿನ ಮಹಡಿಯ ಕೋಣೆಯಲ್ಲಿ ಕೂತು ಪುಡಿ ಕಲೆಸಿ ಬಾಟಲಿ ತುಂಬುವ ನನಗೆ ಮಾತ್ರ ತಿಳಿದಿರುತ್ತದೆ.

"ಒಳ್ಳೇದಾದ್ರೆ ಇಬ್ಬರಿಗೂ ಅದನ್ನೇ ಕೊಟ್ಟುಬಿಡಿ ಡಾಕ್ಟ್ರೇ" ಎಂದ ತಂಗಿಯ ಗಂಡ.

ಉತ್ತರ ನಾನೇ ಕೊಟ್ಟೆ. ಎಲ್ಲ ತಾಯಿತಂದೆಯರಿಗೂ ಕೊಡುವ ಉತ್ತರವನ್ನೇ ಕೊಟ್ಟೆ. "ಒಳ್ಳೇದು ಅಂತ ಗೊತ್ತಿದ್ರೆ ಪ್ರಯೋಗ ಯಾಕೆ ಮಾಡ್ತಿದ್ವಿ? ಗೊತ್ತಿಲ್ಲ. ಅದಕ್ಕೇ ಮಾಡ್ತಿರೋದು."

ಇಬ್ಬರೂ ಒಪ್ಪಿಕೊಂಡರು. ಆಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, "ಈ ಇಬ್ಬರ ಬಾಟಲಿ ನೀವು ಮುಟ್ಟೋ ಹಾಗಿಲ್ಲ. ಉಗ್ರಾಣದ ಫಾರ್ಮಸಿಸ್ಟ್ ಬಂದು ಮಾಡ್ಕೊಟ್ಟು ಹೋಗ್ತಾರೆ." ನಾನೇ ಕೇಳಬೇಕೆಂದಿದ್ದೆ. ತಂಗಿಯ ಮಕ್ಕಳ ವಿಷಯದಲ್ಲಿ ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ.

ಮಾರ್ಚ್ 9, ಭಾನುವಾರ

ನಮ್ಮ ಯಜಮಾನರಿಗೆ ರಜೆ. ಮಕ್ಕಳನ್ನು ನೋಡಲು ಕರೆದುಕೊಂಡು ಹೋದೆ. ಇವರ ಕಣ್ಣು ಮೊದಲು ಹೋದದ್ದು ಮಕ್ಕಳ ಮೇಲಲ್ಲ, ಮೂಗಿನಿಂದ ಹೊಟ್ಟೆಗೆ ಇಳಿಬಿಟ್ಟ ಹಾಲಿನ ನಳಿಕೆಯ ಮೇಲೆ. ಅದು ಇವರ ಲ್ಯಾಬಿನದು. ಒಳಮೈಗೆ ರೋಗಾಣು ಅಂಟಿಕೊಳ್ಳದಂಥ ಹೊಸ ಲೇಪ ಹಚ್ಚಿದ್ದಾರೆ. ಬಳಸಿ ತೆಗೆದ ನಳಿಕೆಗಳನ್ನು ವಾಪಸ್ ತರಿಸಿಕೊಂಡು, ಸೀಳಿ, ಬಣ್ಣ ಹಾಕಿ, ಲೇಪ ಎಷ್ಟು ಉಳಿದಿದೆ, ಏನೇನು ಅಂಟಿದೆ ಎಂದು ನೋಡುವುದು ಇವರ ಕೆಲಸ. ಮದುವೆಯ ಹೊಸತರಲ್ಲಿ ಏನು ಕೆಲಸ ಎಂದು ಕೇಳಿದ ಚಿಕ್ಕಮ್ಮನಿಗೆ, "ಚೆನ್ನಾಗಿರೋ ಸಾಮಾನನ್ನ ಹರಿದುಹೋಗೋ ತನಕ ಎಳೆಯೋದು" ಎಂದಿದ್ದರು. ಚಿಕ್ಕಮ್ಮ ನನ್ನನ್ನು ಒಳಗೆ ಕರೆದು, "ನಿಜವಾಗ್ಲೂ ಸಂಬಳ ಕೊಡ್ತಾರೇನೇ ಅದಕ್ಕೆ?" ಎಂದು ಪಿಸುಗುಟ್ಟಿದ್ದಳು.

ತಂಗಿ ಪೆಟ್ಟಿಗೆಯ ಕಿಂಡಿಯೊಳಗೆ ಕೈ ತೂರಿಸಿ ಪೈಲ್ವಾನನ ನೆತ್ತಿಯ ಮೇಲೆ ಒಂದು ಬೆರಳಿಟ್ಟು ಕೂತಿದ್ದಳು. ಅವಳದು ಹೇರ್ ಕಟಿಂಗ್ ಅಂಗಡಿ. "ನೋಡಕ್ಕಾ, ಎರಡು ಸುಳಿ. ಇಂಥ ತಲೆ ಕತ್ತರಿಸೋದು ಬಲು ಕಷ್ಟ. ಯಾವ ಕಡೆ ಬಾಚಿದ್ರೂ ಎದ್ದು ನಿಲ್ಲುತ್ತೆ."

 ವಾಪಸ್ ಬರುವಾಗ ಬಸ್ಸಿನಲ್ಲಿ ಇವರು, "ಅಷ್ಟು ಸಣ್ಣ ಮೂಗು ಇರುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ನಳಿಕೆ ಇನ್ನೂ ತೆಳ್ಳಗೆ ಮಾಡ್ಬೇಕು" ಎಂದರು.

ಮಾರ್ಚ್ 11, ಮಂಗಳವಾರ

ಉಗ್ರಾಣದ ಫಾರ್ಮಸಿಸ್ಟ್ ಬರಲಿಲ್ಲ. ಕಾಮಾಲೆಯಂತೆ. ದೊಡ್ಡ ಡಾಕ್ಟರು ಸಮ್ಮೇಳನಕ್ಕೆಂದು ಹೊರದೇಶಕ್ಕೆ ಹೋಗಿದ್ದಾರೆ, ಫೋನ್ ಎತ್ತಲಿಲ್ಲ. ಹಾಲು ಕೊಡುವ ಹೊತ್ತು ಮೀರುತ್ತಿತ್ತು. ಬೇರೆ ದಾರಿ ಕಾಣದೆ ಎರಡೂ ಬಾಟಲಿ ನಾನೇ ತುಂಬಿದೆ.

ತುಂಬಬೇಕಾದರೆ ನೋಡಲೇಬೇಕು. ರಾಣಿಗೆ ಜೀವಾಣು ಬಂದಿದೆ. ಪೈಲ್ವಾನನಿಗೆ ಬರೀ ಪುಡಿ.

ಡಾಕ್ಟರು ಬಂದ ಕೂಡಲೇ ಹೇಳಬೇಕು.

ಮಾರ್ಚ್ 14, ಶುಕ್ರವಾರ

ಬಾಗಿಲ ಪಕ್ಕದ ಪೆಟ್ಟಿಗೆಯ ಮಗು ಹೋಯಿತು. ನಿನ್ನೆ ಹೊಟ್ಟೆ ಉಬ್ಬಿತು, ಸಂಜೆಗೆ ನೀಲಿಗಟ್ಟಿತು. ಇವತ್ತು ಕೊಯ್ದು ನೋಡಿದರೆ ಕರುಳೆಲ್ಲ ಕಪ್ಪಾಗಿತ್ತಂತೆ. ಸರ್ಜನ್ ಏನೂ ಮಾಡಲಾಗದೆ ಹೊಲಿದು ಕಳಿಸಿದರು. ತಾಯಿ ಹಿಂಡಿಟ್ಟ ಹಾಲಿನ ಬಾಟಲಿ ಹಿಡಿದುಕೊಂಡು ಕಾರಿಡಾರಿನಲ್ಲಿ ನಿಂತಿದ್ದಳು. ಅದನ್ನು ಯಾರಿಗೆ ಕೊಡಬೇಕೆಂದು ಅವಳಿಗೆ ತಿಳಿಯಲಿಲ್ಲ. ನಾನು ಈಸಿಕೊಂಡೆ. ಇನ್ನೂ ಬೆಚ್ಚಗಿತ್ತು.

ಆ ಮಗುವಿಗೆ ಬರೀ ಪುಡಿ ಹೋಗುತ್ತಿತ್ತು. ಹೋದ ತಿಂಗಳು ತೀರಿಕೊಂಡದ್ದಕ್ಕೂ ಬರೀ ಪುಡಿ. ಅದಕ್ಕೆ ಹಿಂದಿನದಕ್ಕೆ ಜೀವಾಣು ಕೊಟ್ಟಿದ್ದೆವು, ಆದರೆ ಆ ಮಗು ಮೊದಲೇ ತೀರಾ ನಿತ್ರಾಣವಾಗಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಎರಡು ಮೂರು ಮಕ್ಕಳಿಂದ ಏನೂ ಹೇಳಲಾಗದು. ಗೊತ್ತು.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಪೈಲ್ವಾನನ ಹೊಟ್ಟೆ ಸ್ವಲ್ಪ ಉಬ್ಬಿತ್ತು. ಕೊಟ್ಟ ಹಾಲು ನಳಿಕೆಯಲ್ಲಿ ಹಸಿರಾಗಿ ವಾಪಸ್ ಬಂತು. ದೊಡ್ಡಮ್ಮ ಎರಡು ಹೊತ್ತಿನ ಹಾಲು ನಿಲ್ಲಿಸಿದರು. "ಗಾಬರಿ ಬೇಡ, ಇದು ಎಷ್ಟೋ ಮಕ್ಕಳಿಗೆ ಆಗುತ್ತೆ, ತಾನಾಗೇ ಇಳಿಯುತ್ತೆ" ಎಂದರು. ಹೋದ ವಾರ ಬಾಗಿಲ ಪಕ್ಕದ ಪೆಟ್ಟಿಗೆಯ ತಾಯಿಗೂ ಅವರು ಹಾಗೇ ಹೇಳುವುದನ್ನು ಕೇಳಿಸಿಕೊಂಡಿದ್ದೆ.

ತಂಗಿ ನನ್ನ ಕೋಣೆಗೇ ಇಳಿದುಬಂದಳು. ಹೊಲಿಗೆಯ ನೋವಿಗೆ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಾಳೆ.

"ಅಕ್ಕಾ, ಒಂದು ಕೇಳ್ತೀನಿ, ಬೈಬೇಡ. ಅವನಿಗೆ ಒಳ್ಳೇದೇ ಹೋಗ್ತಿದೆ ತಾನೇ?"

"ಅದನ್ನ ಹೇಳೋ ಹಾಗಿಲ್ಲ ಕಣೇ."

"ಹೇಳ್ಬೇಡ. ನಿನ್ನ ಮುಖ ನೋಡ್ತೀನಿ ಅಷ್ಟೇ."

ನೋಡಿದಳು. ಏನು ಕಂಡಿತೋ, ತಲೆ ತಗ್ಗಿಸಿಕೊಂಡು ಮೇಲೆ ಹೋದಳು.

ಸಂಜೆ ಮತ್ತೆ ಹಾಲು ಶುರು ಮಾಡಿದರು. ಪೈಲ್ವಾನನ ಬಾಟಲಿಗೆ ರಾಣಿಯ ಡಬ್ಬಿಯಿಂದ ಹಾಕಿದೆ. ಒಂದೇ ಹೊಟ್ಟೆಯ ಮಕ್ಕಳು, ಒಂದೇ ಡಬ್ಬಿ.

ಮಾರ್ಚ್ 18, ಮಂಗಳವಾರ

ಇವತ್ತೂ ಅದೇ.

ಮಾರ್ಚ್ 21, ಶುಕ್ರವಾರ

ಹೊಟ್ಟೆ ಪೂರ್ತಿ ಇಳಿದಿದೆ. ತೂಕವೂ ಏರಿದೆ! ದೊಡ್ಡಮ್ಮ ತಕ್ಕಡಿಯ ಮೇಲಿಟ್ಟು, "ಪೈಲ್ವಾನ್ರು ಅಖಾಡಕ್ಕೆ ಇಳಿದ್ರು ನೋಡಿ" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದರು. ಪಕ್ಕದ ಪೆಟ್ಟಿಗೆಗಳ ತಾಯಂದಿರೂ ನಕ್ಕರು.

ಬಾಟಲಿಗೆ ಪುಡಿ ಸ್ವಲ್ಪ ಹೆಚ್ಚೇ ಬೀಳುತ್ತಿದೆ. ಅವನು ಅಕ್ಕನ ತೂಕವನ್ನು ಹಿಡಿಯಬೇಕಲ್ಲ, ಇರಲಿ.

ಇವರು ಊಟದ ಹೊತ್ತಿಗೆ, "ನಿನ್ನ ಮುಖದಲ್ಲಿ ಈಗ ಕಳೆ ಬಂತು, ಎರಡು ವಾರದಿಂದ ಗಂಟು ಹಾಕ್ಕೊಂಡಿದ್ದೆ" ಎಂದರು. ನಿದ್ದೆಯೂ ಚೆನ್ನಾಗಿ ಬರುತ್ತಿದೆ.

ಮಾರ್ಚ್ 24, ಸೋಮವಾರ

ಫಾರ್ಮಸಿಸ್ಟ್ ಕೆಲಸಕ್ಕೆ ಬಂದಿದ್ದಾನೆ. ಕಣ್ಣು ಇನ್ನೂ ಅರಿಶಿನ. ಮೆಟ್ಟಿಲು ಹತ್ತುವುದಕ್ಕೇ ಏದುಸಿರು. ಅವನಿಗೆ ಯಾಕೆ ತೊಂದರೆ ಎಂದು ಆ ಎರಡು ಬಾಟಲಿಯೂ ನನ್ನ ಹತ್ತಿರವೇ ಇರಲಿ ಎಂದೆ. ಕೈಮುಗಿದು ಹೋದ.

ದೊಡ್ಡ ಡಾಕ್ಟರೂ ಬಂದರು. ಕಾರಿಡಾರಿನಲ್ಲಿ ಎದುರಾಗಿ, "ಅವಳಿಗಳ ಬಾಟಲಿ ಉಗ್ರಾಣದವರೇ ನೋಡ್ಕೋತಿದ್ದಾರೆ ತಾನೇ?" ಎಂದು ಕೇಳಿದರು. ಅವರು ಅವಸರದಲ್ಲಿದ್ದರು. ಹೂಂ ಎಂದದ್ದಾಯಿತು.

ಮಾರ್ಚ್ 27, ಗುರುವಾರ

ಇವತ್ತು ಪೈಲ್ವಾನನನ್ನು ಪೆಟ್ಟಿಗೆಯಿಂದ ತೆಗೆದು ತಂಗಿಯ ಎದೆಯ ಮೇಲೆ ಮಲಗಿಸಿದರು. ಚರ್ಮಕ್ಕೆ ಚರ್ಮ ತಾಗಿಸಿ, ಮೇಲೆ ಒಂದು ಹೊದಿಕೆ. ತಂಗಿ ಉಸಿರು ಬಿಡಲೂ ಹೆದರುತ್ತಿದ್ದಳು. "ನೀನು ಉಸಿರಾಡಿದ್ರೆ ಅವನೂ ಆಡ್ತಾನೆ, ಆಡಮ್ಮಾ" ಎಂದು ದೊಡ್ಡಮ್ಮ ಗದರಿಸಿದರು.

ತಂಗಿಯ ಗಂಡ ಪಕ್ಕದ ಸ್ಟೂಲಿನ ಮೇಲೆ ಕೂತು ಮಗನಿಗೆ ಕಥೆ ಹೇಳುತ್ತಿದ್ದ. ಲಿಫ್ಟಿನ ಕಥೆ. ಅವನಿಗೆ ಬೇರೆ ಕಥೆ ಬರುವುದಿಲ್ಲ. "ಒಬ್ಬಳು ಅಜ್ಜಿ ಇದ್ಲಂತೆ. ಎಂಟನೇ ಮಹಡಿಗೂ ಒಂಬತ್ತನೇ ಮಹಡಿಗೂ ನಡುವೆ ಸಿಕ್ಕಿಹಾಕ್ಕೊಂಡ್ಲಂತೆ. ನಿಮ್ಮಪ್ಪ ಹೋಗಿ ಬಾಗ್ಲು ತೆಗೆದ್ರೆ, ಆ ಅಜ್ಜಿ ಒಳಗೆ ಕುರ್ಚಿ ಹಾಕ್ಕೊಂಡು ಸ್ವೆಟರ್ ಹೆಣೀತಾ ಕೂತಿದ್ಲಂತೆ. ಇಷ್ಟು ಬೇಗ ಯಾಕೆ ಬಂದ್ಯೋ, ಇನ್ನೊಂದು ತೋಳು ಬಾಕಿ ಇದೆ ಅಂದ್ಲಂತೆ."

ತಂಗಿ ನಕ್ಕಳು. ಅವಳ ಎದೆ ಕುಲುಕಿ ಪೈಲ್ವಾನನ ತಲೆಯೂ ಕುಲುಕಿತು. ನಾನು ಗಾಜಿನಾಚೆ ನಿಂತು ನೋಡಿದೆ. ಇಂಥದ್ದೊಂದು ಗಳಿಗೆಗೆ ಏನು ಮಾಡಿದರೂ ಕಡಿಮೆಯೇ.

ಮಾರ್ಚ್ 30, ಭಾನುವಾರ

ಪೈಲ್ವಾನನ ಬಣ್ಣ ಸರಿಯಿಲ್ಲ. ಬೂದಿಯಂತಾಗಿದ್ದಾನೆ. ಆಗಾಗ ಉಸಿರಾಡುವುದನ್ನೇ ಮರೆಯುತ್ತಾನೆ. ಪಾದಕ್ಕೆ ಬೆರಳಿನಿಂದ ತಟ್ಟಿದರೆ ಮತ್ತೆ ಶುರು ಮಾಡುತ್ತಾನೆ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ಔಷಧಿ ಶುರುವಾಗಿದೆ. ಹಾಲು ನಿಲ್ಲಿಸಿದ್ದಾರೆ.

ಈ ವಯಸ್ಸಿನಲ್ಲಿ ಸೋಂಕು ಯಾವುದರಿಂದಲಾದರೂ ಬರಬಹುದು. ಕೈಗೆ ಚುಚ್ಚಿದ ಸೂಜಿಯಿಂದ ಬರಬಹುದು, ಗಾಳಿಯಿಂದ ಬರಬಹುದು.

ಏಪ್ರಿಲ್ 1, ಮಂಗಳವಾರ

ಮಧ್ಯಾಹ್ನ ಹೋದ.

ದೊಡ್ಡಮ್ಮ ನಳಿಕೆ, ತಂತಿ, ಅಂಟುಪಟ್ಟಿ ಎಲ್ಲ ಬಿಚ್ಚಿ ತಂಗಿಯ ಕೈಗೆ ಕೊಟ್ಟರು. ನಳಿಕೆ ಇಲ್ಲದ ಅವನ ಮುಖವನ್ನು ನಾವೆಲ್ಲ ಮೊದಲ ಸಲ ನೋಡಿದ್ದು ಆಗಲೇ. ಬಾಯಿ ತಂಗಿಯದು. ತಂಗಿ ಅವನ ನೆತ್ತಿ ಮೂಸುತ್ತಲೇ ಇದ್ದಳು.

ಏಪ್ರಿಲ್ 3, ಗುರುವಾರ

ರಕ್ತಪರೀಕ್ಷೆ ಬಂದಿದೆ. ಬೆಳೆದದ್ದು ನಮ್ಮ ಪುಡಿಯ ಜೀವಾಣುವೇ. ಗಟ್ಟಿ ಮಕ್ಕಳ ಹೊಟ್ಟೆಯಲ್ಲಿ ಸುಮ್ಮನೆ ಇರುವಂಥದ್ದು, ಇವನ ಕರುಳಿನ ಎಳೆಯ ಗೋಡೆ ದಾಟಿ ರಕ್ತಕ್ಕೆ ಇಳಿದಿದೆ.

ಪ್ರಯೋಗದ ಮೇಲೆ ಕಣ್ಣಿಡುವ ಸಮಿತಿಯವರು ಅವಳಿಗಳಿಗೆ ಯಾವ ಯಾವ ಪುಡಿ ಬಂದಿತ್ತೆಂದು ತೆರೆದು ನೋಡಿದರು. ರಾಣಿಗೆ ಜೀವಾಣು, ಅವನಿಗೆ ಬರೀ ಪುಡಿ. ದೊಡ್ಡ ಡಾಕ್ಟರು ಎರಡು ಸಲ ಓದಿದರು. ಫಾರ್ಮಸಿಸ್ಟನ್ನು ಕರೆಸಿ ಕೇಳಿದರು. ಅವನು ತಾನೇ ಸರಿಯಾಗಿ ತುಂಬುತ್ತಿದ್ದೆ ಎಂದುಬಿಟ್ಟ. ಕೆಲಸವನ್ನು ನನಗೆ ದಾಟಿಸಿದ್ದು ಗೊತ್ತಾದರೆ ಎಂಬ ಭಯ ಅವನಿಗೆ, ಪಾಪ. ಅದಕ್ಕಿಂತ ಹೆಚ್ಚಿನದು ಅವನಿಗೆ ತಿಳಿಯದು.

"ಹಾಗಾದ್ರೆ ಅಕ್ಕನ ಪೆಟ್ಟಿಗೆಯಿಂದ ತಮ್ಮನ ಪೆಟ್ಟಿಗೆಗೆ ಕೈಯಿಂದಲೇ ದಾಟಿರಬೇಕು. ಇಬ್ಬರಿಗೂ ಹಾಲು ಕೊಡ್ತಿದ್ದದ್ದು ದೊಡ್ಡಮ್ಮ ಅಲ್ವಾ?" ಎಂದರು ಡಾಕ್ಟರು, ನನ್ನ ಕಡೆ ತಿರುಗಿ.

ತಲೆಯಾಡಿಸಿದ್ದಾಯಿತು.

ಏಪ್ರಿಲ್ 7, ಸೋಮವಾರ

ದೊಡ್ಡಮ್ಮನನ್ನು ವಾರ್ಡಿನಿಂದ ತೆಗೆದು ಬಟ್ಟೆ ಕೋಣೆಗೆ ಹಾಕಿದ್ದಾರೆ. ಕೆಲಸವೇನೂ ಹೋಗಿಲ್ಲ. ಸಂಬಳವೂ ಅಷ್ಟೇ ಇದೆ. ಆ ವಯಸ್ಸಿಗೆ ಕೂತು ಮಾಡುವ ಕೆಲಸವೇ ಮೇಲು ಎಂದು ಕೆಲವರು ಹೇಳುತ್ತಿದ್ದಾರೆ.

ಕೈಗವಸು ತರಲು ಹೋದಾಗ ಕಂಡರು. ಮಡಿಸಿಟ್ಟ ಹೊದಿಕೆಗಳ ನಡುವೆ ಸುಮ್ಮನೆ ಕೂತಿದ್ದರು. ಕೈಗಳು ಕೆಂಪಗೆ ಬಿರಿದಿದ್ದವು. ಸೋಪು ಹಾಕಿ ಉಜ್ಜಿ ಉಜ್ಜಿ ಹಾಗಾಗಿವೆ.

"ಜ್ಞಾಪಿಸ್ಕೊಳ್ತಾನೇ ಇದ್ದೀನಿ ಕಣಮ್ಮ. ರಾಣಿಗೆ ಕೊಟ್ಟಾದ್ಮೇಲೆ ಪ್ರತಿ ಸಲ ಕೈ ತೊಳೀತಿದ್ದೆ. ತೊಳೀತಿದ್ದೆ ಅಂತಲೇ ನನ್ನ ನೆನಪು. ಆದ್ರೂ ಒಂದು ಸಲ, ಎಲ್ಲೋ ಒಂದು ಸಲ ಮರೆತಿರ್ತೀನಿ. ಇಲ್ದಿದ್ರೆ ಹೇಗಾಗುತ್ತೆ, ಹೇಳು?"

ಅವರು ನನ್ನನ್ನೇ ಕೇಳುತ್ತಿದ್ದರು. ಕೈಗವಸಿನ ಪೆಟ್ಟಿಗೆ ತೆಗೆದುಕೊಂಡು ಬಂದೆ.

"ನಿನ್ನ ತಂಗಿಗೆ ಮುಖ ತೋರಿಸೋಕಾಗಲ್ಲ ನಂಗೆ" ಎಂದದ್ದು ಹಿಂದಿನಿಂದ ಕೇಳಿಸಿತು.

ಏಪ್ರಿಲ್ 9, ಬುಧವಾರ

ಪ್ರಯೋಗ ಮುಂದುವರಿಯುತ್ತದೆ. ಪೈಲ್ವಾನನ ಸಾವು ಬರೀ ಪುಡಿಯ ಕಡೆಗೆ ಸೇರಿತು. ಅಂದರೆ ಜೀವಾಣುವಿನ ಕಡೆ ಇನ್ನೂ ಒಳ್ಳೆಯದಾಗಿ ಕಾಣುತ್ತದೆ. ಡಾಕ್ಟರು ಕೈತೊಳೆಯುವ ನಿಯಮ ಬಿಗಿಮಾಡಿದ್ದಾರೆ, ಅಷ್ಟೇ.

ರಾಣಿಯ ಬಾಟಲಿಗೆ ಇವತ್ತಿನಿಂದ ಬರೀ ಪುಡಿ ಹಾಕಲಾಗುತ್ತಿದೆ. ತೀರಾ ಸಣ್ಣ ಮಕ್ಕಳು ಇನ್ನೂ ಇಬ್ಬರಿದ್ದಾರೆ, ಅವರದಕ್ಕೂ. ಹೀಗೆ ಯಾರಿಗೂ ಅಪಾಯವಿಲ್ಲ. ಯಾರಿಗೂ ತೊಂದರೆಯಾಗದ ಹಾಗೆ ಎಲ್ಲ ಸರಿಹೋಗುತ್ತಿದೆ.

ಏಪ್ರಿಲ್ 11, ಶುಕ್ರವಾರ

ಇವರು ಇವತ್ತು ಲ್ಯಾಬಿನಿಂದ ಬಂದು ಬೂಟು ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲೇ ನಿಂತರು.

"ಮಕ್ಕಳ ನಳಿಕೆ ಬಂದಿದ್ವು. ಸೀಳಿ ನೋಡಿದೆ."

ನಾನು ತರಕಾರಿ ಹೆಚ್ಚುತ್ತಿದ್ದೆ.

"ಕೈಯಿಂದ ತಾಗಿದ್ರೆ ಅದು ನಳಿಕೆಯ ಬಾಯಿ ಹತ್ತಿರ, ಅಲ್ಲೊಂದು ಇಲ್ಲೊಂದು ಕಡೆ ಇರ್ಬೇಕು. ಇವನ ನಳಿಕೆ ಒಳಗೆ ಈ ತುದಿಯಿಂದ ಆ ತುದಿವರೆಗೆ ಬಳಿದ ಹಾಗಿದೆ. ನಮ್ಮ ಲೇಪಾನೇ ಮುಚ್ಚಿಹೋಗಿದೆ. ರಾಣಿಯದರಲ್ಲಿ ಇಷ್ಟು ದಪ್ಪ ಇಲ್ಲ. ಇದು ತಾಗಿದ್ದಲ್ಲ. ದಿನಾ ಅದರ ಮೂಲಕವೇ ಹರಿದು ಹೋಗಿರೋದು."

ಚಾಕು ಕೆಳಗಿಟ್ಟೆ.

"ಬಾಟಲಿ ಯಾರು ತುಂಬ್ತಿದ್ರು?" ಎಂದು ಕೇಳಿದರು. ಕೇಳುವ ಮೊದಲೇ ಇವರಿಗೆ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಇವರು ನನ್ನ ಮೇಲೆ ದನಿ ಏರಿಸಿದವರಲ್ಲ. ಇವತ್ತೂ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೇನೋ.

"ಸಂಕಟ ಆಗಿರುತ್ತೆ ನಿಂಗೆ, ಅದು ಗೊತ್ತಾಗುತ್ತೆ" ಎಂದರು. "ಆದ್ರೆ ಆ ಮುದುಕಿ ಬಟ್ಟೆ ಕೋಣೇಲಿ ಕೂತಿದ್ದಾಳೆ ಅಂತ ನೀನೇ ಹೇಳಿದ್ದು. ಊಟ ಬಡಿಸ್ತಾ ಹೇಳ್ದೆ, ನಾಳೆ ಏನು ಸಾರು ಅಂತ ಹೇಳೋ ಹಾಗೆ. ಅವತ್ತೇ ನಂಗೆ ಒಂಥರಾ ಆಗಿತ್ತು."

ನಾನು ಹಾಗೆ ಹೇಳಿದ್ದೆನೇ? ನೆನಪಿಲ್ಲ.

"ಸೋಮವಾರ ವರದಿ ಕೊಡ್ಬೇಕು. ನೋಡಿದ್ದನ್ನ ನೋಡಿದ ಹಾಗೇ ಬರೀತೀನಿ. ಅಷ್ಟರೊಳಗೆ ನೀನೇ ಹೋಗಿ ಹೇಳು."

ತರಕಾರಿ ಹಾಗೇ ಉಳಿಯಿತು. ಯಾರೂ ಉಣ್ಣಲಿಲ್ಲ.

ಏಪ್ರಿಲ್ 12, ಶನಿವಾರ

ದೊಡ್ಡ ಡಾಕ್ಟರಿಗೆ ಹೇಳಿದೆ. ನಿಂತುಕೊಂಡೇ ಹೇಳಿದೆ. ನಾನು ಬದಲಾಯಿಸಿದೆ. ನಾನು ಹೆಚ್ಚು ಹಾಕಿದೆ. ನೀವು ಕೇಳಿದಾಗ ಸುಳ್ಳು ಹೇಳಿದೆ. ದೊಡ್ಡಮ್ಮನ ಹೆಸರು ಬಂದಾಗ ತಲೆಯಾಡಿಸಿದೆ. ಈಗ ರಾಣಿಗೂ ಇನ್ನಿಬ್ಬರಿಗೂ ಬರೀ ಪುಡಿ ಹಾಕುತ್ತಿದ್ದೇನೆ.

ಕೊನೆಯ ಮಾತಿಗೆ ಅವರು ಎದ್ದು ನಿಂತರು. "ಆ ಇಬ್ಬರು ಯಾರು?"

ಹೇಳಿದೆ.

"ಅವರಲ್ಲಿ ಒಬ್ಬಳಿಗೆ ಇವತ್ತು ಬೆಳಿಗ್ಗೆ ಹೊಟ್ಟೆ ಉಬ್ಬಿದೆ. ನೀವು ನಿಲ್ಲಿಸಿದ್ದಕ್ಕೋ, ಬೇರೆ ಯಾವುದಕ್ಕೋ? ನಾನು ಹೇಗೆ ತಿಳ್ಕೊಳ್ಳಲಿ, ಹೇಳಿ." ಮತ್ತೆ ಕೂತುಕೊಂಡು, "ಇನ್ನು ಯಾವ ಮಗುವಿನ ವಿಷಯದಲ್ಲೂ ನಂಗೆ ಏನೂ ತಿಳಿಯೋದಿಲ್ಲ. ಐದು ವರ್ಷದಿಂದ ಈ ಪ್ರಯೋಗಕ್ಕೆ ಸೇರಿಸ್ಕೊಂಡ ಮಕ್ಕಳು. ಹೋದವರೂ, ಉಳಿದವರೂ, ಎಲ್ಲಾ" ಎಂದರು.

ಬಯ್ಯಲಿಲ್ಲ. ಕೋಣೆಯ ಬೀಗದ ಕೈ ಕೇಳಿದರು. ಕೊಟ್ಟೆ.

"ನಿಮ್ಮ ತಂಗಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

ನಾನು ಎಂದೆ.

ಏಪ್ರಿಲ್ 13, ಭಾನುವಾರ

ತಂಗಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ರಾಣಿಯ ಹಾಲಿನ ಹೊತ್ತಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಕೂತು ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಹೇಳಿ ಮುಗಿದ ಮೇಲೂ ಸುತ್ತಿ ಬಿಚ್ಚಿದಳು.

"ಅವತ್ತು ನಾನು ಬಂದು ಕೇಳಿದ್ದಕ್ಕಾ?"

"ಅಲ್ಲ. ನೀನು ಕೇಳ್ದೆ ಇದ್ರೂ ಮಾಡ್ತಿದ್ದೆ."

ಇದು ನಿಜವೋ ಸುಳ್ಳೋ ನನಗೆ ತಿಳಿಯದು. ಹೇಳುವಾಗ ನಿಜವೇ ಆಗಿರಲಿ ಅನ್ನಿಸಿತು.

"ನೀನು ಏನೂ ಮಾಡ್ದೆ ಸುಮ್ನಿದ್ದಿದ್ರೆ ಅವನು ಇರ್ತಿದ್ನಾ?"

"ಗೊತ್ತಿಲ್ಲ."

"ಗೊತ್ತಿಲ್ಲ." ಅವಳು ನನ್ನ ಮಾತನ್ನೇ ಮೆಲ್ಲಗೆ ಹೇಳಿಕೊಂಡಳು. "ಹೆಚ್ಚು ಹಾಕಿದ್ದು ಯಾಕೆ? ಅದೊಂದು ಹೇಳು."

"ಬೇಗ ಬೆಳೀಲಿ ಅಂತ."

ಅವಳಿಗೆ ಅಳು ಬಂದದ್ದು ಆಗ. ಅಪ್ಪಿಕೊಳ್ಳಲು ಹೋದೆ. ನನ್ನ ಕೈಯನ್ನು ಹಿಡಿದು, ಜೋಪಾನವಾಗಿ, ಒಡೆಯುವ ಸಾಮಾನನ್ನು ಇಡುವ ಹಾಗೆ, ನನ್ನ ಮಡಿಲಿಗೇ ವಾಪಸ್ ಇಟ್ಟಳು.

"ಹೋಗಕ್ಕಾ. ಬಯ್ಯೋದಕ್ಕೂ ನನ್ನ ಹತ್ರ ಶಕ್ತಿ ಇಲ್ಲ ಈಗ. ಹೋಗು."

ಏಪ್ರಿಲ್ 16, ಬುಧವಾರ

ದೊಡ್ಡಮ್ಮ ವಾರ್ಡಿಗೆ ವಾಪಸ್ ಹೋಗಿದ್ದಾರಂತೆ. ವಿಚಾರಣೆಗೆಂದು ಹೋದಾಗ ಮೆಟ್ಟಿಲ ಹತ್ತಿರ ಎದುರಾದರು. ತಪ್ಪಾಯಿತು ಎಂದೆ. ಅವರು ತಮ್ಮ ಎರಡೂ ಕೈ ಮುಂದೆ ಚಾಚಿ ಅಂಗೈ ತಿರುಗಿಸಿ ತೋರಿಸಿದರು. ಆಮೇಲೆ ಮೆಟ್ಟಿಲು ಹತ್ತಿ ಹೋದರು.

ಹೊಟ್ಟೆ ಉಬ್ಬಿದ್ದ ಹುಡುಗಿ ಚೇತರಿಸಿಕೊಂಡಿದ್ದಾಳೆ. ಯಾಕೆ ಚೇತರಿಸಿಕೊಂಡಳೆಂದು ಯಾರಿಗೂ ತಿಳಿಯದು.

ಮೇ 6, ಮಂಗಳವಾರ

ನನ್ನ ಫಾರ್ಮಸಿಸ್ಟ್ ಲೈಸೆನ್ಸ್ ರದ್ದಾಯಿತು. ಪ್ರಯೋಗವನ್ನು ನಿಲ್ಲಿಸಿ, ಉಳಿದ ಪುಡಿಯನ್ನೆಲ್ಲ ಸುಟ್ಟರು. ಡಾಕ್ಟರು ಮೊದಲಿನಿಂದ ಶುರು ಮಾಡುತ್ತಾರೋ ಇಲ್ಲವೋ ತಿಳಿಯದು. ಪೊಲೀಸರು ಇನ್ನೊಮ್ಮೆ ಕರೆಸುತ್ತಾರಂತೆ.

ಇವರು ಮಾತಾಡುತ್ತಾರೆ. ಉಪ್ಪು ಕೊಡು, ಬಾಗಿಲು ಹಾಕು, ನಾಳೆ ತಡವಾಗುತ್ತೆ.

ಬಾಗಿಲ ಪಕ್ಕದ ಪೆಟ್ಟಿಗೆಯ ಮಗು ಕನಸಿನಲ್ಲಿ ಬರುವುದಿಲ್ಲ. ಅದರ ತಾಯಿ ಬರುತ್ತಾಳೆ, ಬಾಟಲಿ ಹಿಡಿದುಕೊಂಡು.

ಮೇ 19, ಸೋಮವಾರ

ರಾಣಿ ಮನೆಗೆ ಹೋದಳಂತೆ. ತಂಗಿಯ ಗಂಡ ಇವರಿಗೆ ಫೋನ್ ಮಾಡಿ ಹೇಳಿದ. ನನ್ನನ್ನು ಕೇಳಲಿಲ್ಲ.

ಜೂನ್ 8, ಭಾನುವಾರ

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ತೆಗೆದರೆ ತಂಗಿ. ಎದೆಗೆ ಕಟ್ಟಿಕೊಂಡ ಬಟ್ಟೆಯಲ್ಲಿ ರಾಣಿ. ಒಬ್ಬಳೇ ಬಂದಿದ್ದಳು. ಸೊರಗಿದ್ದಾಳೆ. ಮೂರು ತಿಂಗಳಿಂದ ಅಂಗಡಿಗೆ ಹೋಗಿಲ್ಲವೆಂದು ಕೂದಲು ನೋಡಿದರೇ ತಿಳಿಯುತ್ತಿತ್ತು.

ಒಳಗೆ ಬಂದು ಕುರ್ಚಿಯ ಮೇಲೆ ಕೂತಳು. ನೀರು ಕೊಡಲೇ ಎಂದೆ. ಬೇಡ ಎಂದಳು. ಚೀಲದಿಂದ ಸಣ್ಣ ಕಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ವಿಟಮಿನ್ ಹನಿ. ಎಲ್ಲ ಎಳೆಯ ಮಕ್ಕಳಿಗೂ ಬರೆದುಕೊಡುವಂಥದ್ದು.

"ದಿನಾ ಹಾಕ್ಬೇಕಂತೆ. ನಂಗೆ ಹಾಕೋಕಾಗ್ತಿಲ್ಲ" ಎಂದಳು. "ಬಾಟಲಿ ತೆಗೀತೀನಿ, ಮುಚ್ತೀನಿ. ಅವರು ಹಾಕ್ತೀನಿ ಅಂದ್ರೆ ಅವರ ಕೈಗೂ ಕೊಡಲ್ಲ. ನಿನ್ನೆ ಡಾಕ್ಟ್ರು ಬೈದ್ರು, ಮೂಳೆ ಮೆತ್ತಗಾಗುತ್ತೆ ಅಂತ."

ನಾನು ಬಾಟಲಿಯ ಕಡೆ ಕೈ ಚಾಚಿದೆ.

"ಮುಟ್ಬೇಡ" ಎಂದಳು, ಜೋರಾಗಿ. ರಾಣಿ ಬೆಚ್ಚಿದಳು. ತಂಗಿ ಅವಳ ಬೆನ್ನು ತಟ್ಟುತ್ತ ದನಿ ಇಳಿಸಿದಳು. "ನೀನು ಮುಟ್ಬೇಡ. ನಾನೇ ಹಾಕ್ತೀನಿ. ನೀನು ಸುಮ್ನೆ ಇಲ್ಲಿ ಕೂತ್ಕೋ. ನಾನೊಬ್ಬಳೇ ಇದ್ರೆ ಆಗಲ್ಲ."

ಕೂತೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಅವಳು ಬಾಟಲಿಯ ಮೇಲಿನ ಅಕ್ಷರಗಳನ್ನು ಓದಿದಳು. ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ಓದಿದಳು. ಹನಿ ಹಾಕುವ ಕೊಳವೆಯನ್ನು ರಾಣಿಯ ತುಟಿಯ ಹತ್ತಿರ ತಂದಾಗ ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಮೊದಲ ಹನಿ ಗಲ್ಲದ ಮೇಲೆ ಬಿತ್ತು. ಮೊಣಕೈಯನ್ನು ಮೇಜಿಗೆ ಊರಿಕೋ ಎಂದು ಬಾಯಿ ತುದಿಗೆ ಬಂತು. ಹೇಳಲಿಲ್ಲ. ಅವಳು ಗಲ್ಲ ಒರೆಸಿ, ಉಸಿರು ಬಿಗಿಹಿಡಿದು, ಮತ್ತೆ ಹಾಕಿದಳು. ರಾಣಿ ಮುಖ ಸಿಂಡರಿಸಿ, ನಾಲಿಗೆ ಹೊರಗೆ ಹಾಕಿ, ಆಮೇಲೆ ನುಂಗಿದಳು.

ತಂಗಿ ನನ್ನ ಕಡೆ ನೋಡಿದಳು. ನಾನೂ ನೋಡಿದೆ. ಇಬ್ಬರೂ ರಾಣಿ ಉಸಿರಾಡುವುದನ್ನು ನೋಡುತ್ತ ಕೂತೆವು. ಅವಳಿಗೆ ನಿದ್ದೆ ಹತ್ತಿತು. ಬಿಸಿಲು ಕಿಟಕಿಯಿಂದ ಗೋಡೆಗೆ ಹೋಗುವ ತನಕ ನೋಡಿದೆವು.

ಹೊರಡುವಾಗ ಬಾಟಲಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಹೊಸ್ತಿಲ ಮೇಲೆ ನಿಂತು, ನನ್ನ ಮುಖ ನೋಡದೆ, "ನಾಳೆ ಇಷ್ಟು ಹೊತ್ತಿಗೇ ಬರ್ತೀನಿ. ಮನೇಲಿರು" ಎಂದಳು.

ಇರುತ್ತೇನೆ ಎಂದೆ.